ಹಾಡು ಕೇಳಿದವರು ಯಾರು: ಗೀತಪ್ರಧಾನ ಪ್ರಣಯಚಿತ್ರಗಳಲ್ಲಿ ಊರಿನ ಅಳಿವು

ಒಂದು ಊರು ಅಳಿದ ವೃತ್ತಾಂತವನ್ನು ಒಂದು ಗಂಡು ಹೆಣ್ಣಿನ ಒಲವಿನ ಕಥೆಯೊಳಗಿಟ್ಟು, ಆ ಒಲವನ್ನು ಹಾಡುಗಳ ಮೂಲಕ ಬೆಳೆಸುವುದು ಜನಪ್ರಿಯ ಸಿನಿಮಾದ ಹಳೆಯ ಪದ್ಧತಿ. ಇಂಥ ಚಿತ್ರಗಳನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಎರಡು ದಿಕ್ಕಿನಲ್ಲಿ ಸಾಗುತ್ತದೆ. ಚರಿತ್ರೆಗೆ ಅವು ನಿಷ್ಠವಾಗಿವೆಯೇ ಎಂಬುದು ಒಂದು. ದುರಂತವನ್ನು ತೆರೆಯ ಮೇಲೆ ಎಷ್ಟು ನೈಜವಾಗಿ ಕಟ್ಟಿವೆ ಎಂಬುದು ಇನ್ನೊಂದು. ಈ ಲೇಖನ ಆ ಎರಡನ್ನೂ ಮುಖ್ಯವೆಂದು ಎಣಿಸಿಲ್ಲ. ದುರಂತ ಕಳೆದ ಮೇಲೆ ಹಾಡು ಏನಾಗುತ್ತದೆ, ಆಗ ಹಾಡೆಂದು ಕೇಳುವವರು ಯಾರು, ಆ ಹಾಡಿನೊಳಗೆ ಸೇರದೆ ಉಳಿದವರು ಯಾರು ಎಂಬುದು ಇಲ್ಲಿಯ ವಿಚಾರ. ಇದಕ್ಕಾಗಿ ಮುಖ್ಯವಾಗಿ ಎರಡು ಚಿತ್ರಗಳನ್ನು ಎದುರುಬದುರು ಇಟ್ಟುಕೊಳ್ಳಲಾಗಿದೆ: 1936ರ ಹಾಲಿವುಡ್ ಚಿತ್ರ 'ಸ್ಯಾನ್ ಫ್ರಾನ್ಸಿಸ್ಕೊ' ಹಾಗೂ ಜಿ.ವಿ. ಅಯ್ಯರ್ ಅವರ 1975ರ 'ಹಂಸಗೀತೆ'. ಇವೆರಡರ ನಡುವೆ ಸೇತುವೆಯಾಗಿ 1956ರ ಹಿಂದೀ ಚಿತ್ರ 'ಬಸಂತ್ ಬಹಾರ್' ಬರುತ್ತದೆ.

ಒಂದು ಆಕ್ಷೇಪಕ್ಕೆ ಮೊದಲೇ ಉತ್ತರಿಸಬೇಕು. ಭೂಕಂಪ ಪ್ರಕೃತಿಯ ಕೆಲಸ, ಕೋಟೆಯ ಪತನ ಮನುಷ್ಯರ ಕೆಲಸ. ಇವೆರಡನ್ನು ಒಂದೇ ತಕ್ಕಡಿಯಲ್ಲಿ ಇಡಬಹುದೇ ಎಂದು ಕೇಳಬಹುದು. ಆದರೆ 1906ರ ಸ್ಯಾನ್ ಫ್ರಾನ್ಸಿಸ್ಕೊ ನಗರದ ನಾಶದಲ್ಲಿ ಮನುಷ್ಯರ ಪಾಲು ಸಣ್ಣದಲ್ಲ. ಆ ಪಾಲನ್ನು ಚಿತ್ರ ಹೇಗೆ ದೈವದ ಲೆಕ್ಕಕ್ಕೆ ಬರೆಯುತ್ತದೆ ಎನ್ನುವುದೇ ನಮ್ಮ ಚರ್ಚೆಯ ಮೊದಲ ಹೆಜ್ಜೆ.

ಎಂಜಿಎಂ ಸಂಸ್ಥೆಗಾಗಿ ಡಬ್ಲ್ಯು.ಎಸ್. ವ್ಯಾನ್ ಡೈಕ್ ನಿರ್ದೇಶಿಸಿದ 'ಸ್ಯಾನ್ ಫ್ರಾನ್ಸಿಸ್ಕೊ'ದ ಚಿತ್ರಕಥೆ ಅನಿತಾ ಲೂಸ್ ಅವರದು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆಕಂಡು ಆಗಿನ್ನೂ ಎರಡು ವರ್ಷ. 'ಸಂಸಾರ ನೌಕೆ' ಬಂದದ್ದು ಅದೇ 1936ರಲ್ಲಿ. ಮಾತು ಮತ್ತು ಹಾಡು ತೆರೆಗೆ ಹೊಸದಾಗಿದ್ದ ಆ ಕಾಲದಲ್ಲಿ ಹಾಡನ್ನು ಕಥೆಯೊಳಗೆ ಎಲ್ಲಿ ಕೂರಿಸಬೇಕೆಂಬ ಪ್ರಶ್ನೆ ಎಲ್ಲ ಕಡೆಯೂ ಜೀವಂತವಾಗಿತ್ತೆಂಬುದನ್ನು ನೆನಪಿಡಬೇಕು. ಹಾಲಿವುಡ್ ಚಿತ್ರ ಕೊಟ್ಟ ಉತ್ತರ ಕಟ್ಟುನಿಟ್ಟಾದುದು: ಹಾಡಿಗೆ ಒಂದು ನೆಪ ಬೇಕು. ರಂಗಮಂದಿರ, ಪಾನಗೃಹ, ಇಗರ್ಜಿ, ಸ್ಪರ್ಧೆಯ ವೇದಿಕೆ, ಕೊನೆಗೆ ನಿರಾಶ್ರಿತರ ಶಿಬಿರ, ಹೀಗೆ ಹಾಡುವುದಕ್ಕೆ ಕಾರಣವಿರುವ ಜಾಗದಲ್ಲಿಯೇ ಇಲ್ಲಿ ಹಾಡು ಹುಟ್ಟುತ್ತದೆ.

ಕಥೆ ಸರಳ. ಬಾರ್ಬರಿ ಕೋಸ್ಟ್ ಎಂಬ ಕುಖ್ಯಾತ ಬೀದಿಯಲ್ಲಿ 'ಪ್ಯಾರಡೈಸ್' ಎಂಬ ಮನರಂಜನೆಯ ಪಾನಗೃಹ ನಡೆಸುವ ಬ್ಲ್ಯಾಕಿ ನಾರ್ಟನ್, ದೇವರನ್ನು ನಂಬದವನು. ಕ್ಲಾರ್ಕ್ ಗೇಬಲ್ ಆ ಪಾತ್ರಧಾರಿ. ಪಾದ್ರಿಯೊಬ್ಬನ ಮಗಳು ಮೇರಿ ಬ್ಲೇಕ್ ಕೆಲಸ ಹುಡುಕಿಕೊಂಡು ಅವನಲ್ಲಿಗೆ ಬರುತ್ತಾಳೆ. ಆ ಪಾತ್ರ ಜೆನೆಟ್ ಮ್ಯಾಕ್‌ಡೊನಾಲ್ಡ್ ಅವರದು. ಬಾಲ್ಯದ ಗೆಳೆಯನೂ ಈಗ ಕ್ಯಾಥೊಲಿಕ್ ಪಾದ್ರಿಯೂ ಆದ ಟಿಮ್ ಮಲಿನ್ ಪಾತ್ರದಲ್ಲಿ ಸ್ಪೆನ್ಸರ್ ಟ್ರೇಸಿ ಇದ್ದಾರೆ. ನೋಬ್ ಹಿಲ್‌ನ ಸಿರಿವಂತ ಬರ್ಲಿ ಆಕೆಯನ್ನು ಆಪೆರಾ ಮಂದಿರಕ್ಕೆ ಸೆಳೆಯುತ್ತಾನೆ. ಹೀಗೆ ಒಂದು ಕಂಠಕ್ಕಾಗಿ ಪಾನಗೃಹ, ಆಪೆರಾ, ಇಗರ್ಜಿ ಮೂರೂ ಜಗ್ಗಾಡುತ್ತವೆ. ಒಲವಿನ ಜಗಳವೆಂದು ಮೇಲ್ನೋಟಕ್ಕೆ ಕಾಣುವುದು ವಾಸ್ತವವಾಗಿ ಹಾಡಿನ ಜಗಳ.

ಈ ಜಗಳವನ್ನು ಚಿತ್ರ ಒಂದೇ ಹಾಡಿನ ಲಯದಲ್ಲಿ ತೋರಿಸಿರುವುದು ಅದರ ಅತ್ಯುತ್ತಮ ಅಂಶ. ಬ್ರೊನಿಸ್ಲಾ ಕಾಪರ್ ಮತ್ತು ವಾಲ್ಟರ್ ಜರ್ಮನ್ ಸ್ವರ ಸಂಯೋಜಿಸಿ ಗಸ್ ಕಾನ್ ಬರೆದ, ನಗರದ ಹೆಸರಿನದೇ ಆದ ಹಾಡನ್ನು ಮೇರಿ ಮೊದಲು ತನ್ನ ಶಿಕ್ಷಿತ ಕಂಠದಲ್ಲಿ ನಿಧಾನವಾಗಿ, ಪ್ರಾರ್ಥನೆಯೆಂಬಂತೆ ಹಾಡುತ್ತಾಳೆ. ಬ್ಲ್ಯಾಕಿಗೆ ಅದು ಸಾಲದು, ಅವನಿಗೆ ಬೇಕಾದ್ದು ಬಿಸಿ ಮತ್ತು ವೇಗ. ಚಿತ್ರದ ಮುಕ್ಕಾಲು ಭಾಗ ಕಳೆದ ಮೇಲೆ, 'ಚಿಕನ್ಸ್ ಬಾಲ್' ಎಂಬ ಮನರಂಜನಾ ಸ್ಪರ್ಧೆಯ ರಾತ್ರಿ, ಬರ್ಲಿಯ ಕೈವಾಡದಿಂದ ಪ್ಯಾರಡೈಸ್ ಮುಚ್ಚಿಹೋಗಿರುವಾಗ, ಅವಳು ತಾನಾಗಿ ವೇದಿಕೆಯೇರಿ ಪ್ಯಾರಡೈಸ್‌ನ ಪರವಾಗಿ ಅದೇ ಹಾಡನ್ನು ಬ್ಲ್ಯಾಕಿಯ ಲಯದಲ್ಲಿ ಹಾಡಿ ಗೆಲ್ಲುತ್ತಾಳೆ. ಸೋತವನು ಬ್ಲ್ಯಾಕಿಯೇ. ತನ್ನ ಅಪ್ಪಣೆಯಿಲ್ಲದೆ ದೊರೆತ ಆ ಬಹುಮಾನದ ಹಣವನ್ನು ಅವನು ಎಲ್ಲರೆದುರು ನೆಲಕ್ಕೆ ಚೆಲ್ಲುತ್ತಾನೆ. ಇನ್ನು ಇವರಿಬ್ಬರ ನಡುವೆ ಮಾತಿಗೆ ಎಡೆಯಿಲ್ಲ ಎಂಬಲ್ಲಿ ನೆಲ ನಡುಗುತ್ತದೆ.

ಈ ಜೋಡಣೆಯ ಅರ್ಥವೇನು? ಮನುಷ್ಯರು ಬಿಡಿಸಲಾರದ ಗಂಟನ್ನು ಭೂಮಿ ಬಿಡಿಸುತ್ತದೆ. ಹೆಮ್ಮೆಯಿಂದ ಬೀಗಿದ ಗಂಡಸು ಮಂಡಿಯೂರುವುದಕ್ಕೆ ಒಂದು ನಗರ ಬೀಳಬೇಕಾಯಿತು! ಚಿತ್ರವನ್ನು ಮೆಚ್ಚಿ ನೋಡುವವರಿಗೂ ಈ ಲೆಕ್ಕ ಸ್ವಲ್ಪ ಕಸಿವಿಸಿ ಉಂಟುಮಾಡದಿರದು. 1934ರಿಂದ ಬಿಗಿಯಾಗಿ ಜಾರಿಗೆ ಬಂದ ಹಾಲಿವುಡ್ಡಿನ ನೀತಿಸಂಹಿತೆಯ ಒತ್ತಡ ಈ ಕಥಾಸಂವಿಧಾನದ ಹಿಂದೆ ಇದೆಯೆನ್ನುವುದು ನಿಜ. ಪಾಪಕ್ಕೆ ಶಿಕ್ಷೆ, ಪಶ್ಚಾತ್ತಾಪಕ್ಕೆ ಮನ್ನಣೆ ಎಂಬ ಸೂತ್ರವನ್ನು ಆಗ ಯಾವ ಸ್ಟುಡಿಯೋ ಕೂಡ ಮೀರುವಂತಿರಲಿಲ್ಲ. ಆದರೂ ಸೂತ್ರವನ್ನು ಪಾಲಿಸುವುದಕ್ಕೆ ಒಬ್ಬ ಜೂಜುಗಾರನ ದಿವಾಳಿ ಸಾಕಾಗುತ್ತಿತ್ತು. ಇತಿಹಾಸದಲ್ಲಿ ದಾಖಲಾದ ಸಾವಿರಾರು ಜನರ ಸಾವನ್ನು ಅದಕ್ಕೆ ಬಳಸಿಕೊಂಡದ್ದು ಚಿತ್ರದ ಸ್ವಂತ ಆಯ್ಕೆ.

ಭೂಕಂಪದ ದೃಶ್ಯಾವಳಿಯಂತೂ ಇಂದಿಗೂ ಬೆರಗು ಹುಟ್ಟಿಸುತ್ತದೆ. ಸಂಗೀತ ಹಿಂದೆ ಸರಿದು ಶಬ್ದವೇ ಮುಂದೆ ಬರುವ, ಕುಸಿಯುವ ಗೋಡೆ, ಉರುಳುವ ಗಾಡಿಯ ಚಕ್ರ, ಬಿರಿಯುವ ಬೀದಿ ಇವುಗಳ ಚೂರುಚೂರು ಚಿತ್ರಿಕೆಗಳನ್ನು ವೇಗವಾಗಿ ಹೊಂದಿಸಿದ ಆ ಭಾಗ, ಅಷ್ಟು ಹೊತ್ತು ಹಾಡಿಗೆ ಒಗ್ಗಿದ್ದ ಪ್ರೇಕ್ಷಕನ ಕಿವಿಯನ್ನೇ ಕೆಡವುತ್ತದೆ. ಆರು ಆಸ್ಕರ್ ನಾಮನಿರ್ದೇಶನಗಳಲ್ಲಿ ಚಿತ್ರಕ್ಕೆ ದೊರೆತ ಒಂದೇ ಪ್ರಶಸ್ತಿ ಧ್ವನಿಗ್ರಹಣಕ್ಕೆ ಎಂಬುದು ಆಕಸ್ಮಿಕವಲ್ಲ. ಆಮೇಲೆ ಬ್ಲ್ಯಾಕಿ ಅವಶೇಷಗಳ ನಡುವೆ ಮೇರಿಯನ್ನು ಅರಸುತ್ತಾನೆ. ಅವನಿಗೆ ಅವಳು ಸಿಗುವುದು ನಿರಾಶ್ರಿತರ ಶಿಬಿರದಲ್ಲಿ, ಮಗುವನ್ನು ಕಳೆದುಕೊಂಡ ತಾಯಿಯ ಬಳಿ ಕ್ರೈಸ್ತ ಭಕ್ತಿಗೀತೆ ಹಾಡುತ್ತಿರುವಾಗ. ಅವನು ಮಂಡಿಯೂರುತ್ತಾನೆ. ಬೆಂಕಿ ಆರಿತೆಂಬ ಕೂಗು ಏಳುತ್ತದೆ. ಜನರೆಲ್ಲ ಅಮೆರಿಕದ ಅಂತರ್ಯುದ್ಧ ಕಾಲದ ಸಮರಗೀತೆಯನ್ನು ಹಾಡುತ್ತ ಗುಡ್ಡವೇರುತ್ತಾರೆ. ಪಾಳುನಗರ ಕರಗಿ ಅದರ ಜಾಗದಲ್ಲಿ 1930ರ ದಶಕದ ಹೊಸ ನಗರ ಮೂಡುತ್ತದೆ. ಆಪೆರಾ, ಪಾನಗೃಹ, ಇಗರ್ಜಿ ಮೂರರ ಹಾಡೂ ಇಲ್ಲಿ ಒಂದೇ ಮೇಳಗೀತೆಯಾಗುತ್ತದೆ. ದುರಂತದ ನಂತರ ಹಾಡು ದೊಡ್ಡದಾಯಿತು, ಹಾಡಿದವರು ಹೆಚ್ಚಾದರು, ಅಳುವಿಗೆ ಮಾತ್ರ ಒಂದು ತಾಯಿಯಷ್ಟೇ ಜಾಗ ಉಳಿಯಿತು.

ವಾಸ್ತವದಲ್ಲಿ ಏನು ನಡೆದಿತ್ತು? 1906ರ ಏಪ್ರಿಲ್ 18ರ ಬೆಳಗಿನ 5 ಗಂಟೆ 12 ನಿಮಿಷಕ್ಕೆ ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ ಉದ್ದಕ್ಕೆ ನೆಲ ಜಾರಿತು. ಅದರ ತೀವ್ರತೆಯನ್ನು ಇಂದು ಸುಮಾರು 7.9 ಎಂದು ಅಂದಾಜಿಸುತ್ತಾರೆ. ಹಿಂದಿನ ರಾತ್ರಿಯಷ್ಟೇ ಇಟಲಿಯ ಮಹಾಗಾಯಕ ಎನ್ರಿಕೋ ಕರೂಸೋ ಆ ನಗರದ ರಂಗಮಂದಿರದಲ್ಲಿ 'ಕಾರ್ಮೆನ್' ಆಪೆರಾದಲ್ಲಿ ಹಾಡಿದ್ದ. ಆದ್ದರಿಂದ ಕಥಾನಾಯಕಿ ಆಪೆರಾ ಗಾಯಕಿಯಾದದ್ದು ಬರಿಯ ಕಲ್ಪನೆಯೆನ್ನಲಾಗದು. ಕಂಪನ ಒಂದು ನಿಮಿಷದ ಆಸುಪಾಸು ನಡೆಯಿತು, ಬೆಂಕಿ ಮೂರು ದಿನಕ್ಕೂ ಮೀರಿ ಉರಿಯಿತು. ನೀರಿನ ಕೊಳವೆಗಳು ಒಡೆದುಹೋಗಿ ಆರಿಸಲು ನೀರಿರಲಿಲ್ಲ. ಬೆಂಕಿಗೆ ಅಡ್ಡಗಟ್ಟಲೆಂದು ಸೇನೆ ಮತ್ತು ಅಧಿಕಾರಿಗಳು ಡೈನಮೈಟ್ ಇಟ್ಟು ಕಟ್ಟಡಗಳನ್ನು ಉರುಳಿಸಿದ್ದು ಹಲವೆಡೆ ಹೊಸ ಬೆಂಕಿಗೆ ಕಾರಣವಾಯಿತು. ಸುಮಾರು 28,000 ಕಟ್ಟಡಗಳು ನಾಶವಾದವು. ನಾಲ್ಕು ಲಕ್ಷದಷ್ಟಿದ್ದ ಜನಸಂಖ್ಯೆಯ ಅರ್ಧಕ್ಕೂ ಹೆಚ್ಚು ಜನ ಮನೆ ಕಳೆದುಕೊಂಡರು. ಸತ್ತವರ ಸಂಖ್ಯೆಯನ್ನು ಆಗ ಕೆಲವೇ ನೂರು ಎಂದು ಪ್ರಕಟಿಸಲಾಯಿತು. ಅದು ಮೂರು ಸಾವಿರದಷ್ಟಿತ್ತೆಂದು ಅಂಗೀಕಾರವಾದದ್ದು ದಶಕಗಳ ನಂತರದ ದಾಖಲೆ ಶೋಧನೆಯಿಂದ. ಬಂಡವಾಳ ಹೂಡುವವರು ಹೆದರಿ ದೂರವಾದಾರೆಂದು ನಗರದ ಮುಖಂಡರು 'ಭೂಕಂಪ' ಎನ್ನುವ ಮಾತನ್ನು ಆದಷ್ಟು ಹಿಂದಕ್ಕೆ ಸರಿಸಿ ಅದನ್ನು 'ಬೆಂಕಿ' ಎಂದೇ ಕರೆದರು. ವಿಮಾದಾರರ ಲೆಕ್ಕಕ್ಕೂ ಬೆಂಕಿಯೇ ಅನುಕೂಲವಾಗಿತ್ತು.

ನಗರ ಮುಚ್ಚಿಟ್ಟ ಭೂಕಂಪವನ್ನು ಮೂವತ್ತು ವರ್ಷಗಳ ಮೇಲೆ ತೆರೆಯ ಮೇಲೆ ಅಷ್ಟು ದೊಡ್ಡದಾಗಿ ತಂದದ್ದಕ್ಕಾಗಿ ಚಿತ್ರಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲೇಬೇಕು. ಆದರೆ ಇನ್ನೊಂದು ಮರೆವಿಗೆ ಅದು ಪಾಲುದಾರ. ನಗರದ ನಡುವಿದ್ದ ಚೀನೀಯರ ಕೇರಿ ಸಂಪೂರ್ಣ ಸುಟ್ಟುಹೋಯಿತು. ಅಲ್ಲಿ ಸತ್ತವರನ್ನು ಎಣಿಸಿದವರಿಲ್ಲ. ಸುಟ್ಟ ಬೂದಿ ಆರುವ ಮುನ್ನವೇ ಆ ಜನರನ್ನು ಊರ ಅಂಚಿಗೆ ಸಾಗಿಸುವ ಯೋಜನೆ ಸಿದ್ಧವಾಯಿತು. ಅದು ಕೈಗೂಡದಿದ್ದುದಕ್ಕೆ ಅವರ ಪ್ರತಿರೋಧ ಹಾಗೂ ಚೀನೀ ರಾಜತಾಂತ್ರಿಕರ ಒತ್ತಡ ಕಾರಣ. ಜನನದ ದಾಖಲೆಗಳು ಸುಟ್ಟುಹೋದದ್ದರಿಂದ ಎಷ್ಟೋ ಚೀನೀಯರು ತಾವು ಅಲ್ಲಿಯೇ ಹುಟ್ಟಿದವರೆಂದು ಹೇಳಿಕೊಂಡು ಪೌರತ್ವ ಪಡೆಯಲು ಸಾಧ್ಯವಾಯಿತೆಂಬುದು ಆ ದುರಂತದ ವಿಚಿತ್ರ ಅಧ್ಯಾಯ. ಒಂದು ಕಾದಂಬರಿಗೆ ಆಗುವಷ್ಟು ವಸ್ತು ಇದರಲ್ಲಿದೆ. ಗುಡ್ಡವೇರಿ ಹಾಡುವ ಚಿತ್ರದ ಮೇಳದಲ್ಲಿ ಇವರಿಗೆ ಸ್ಥಾನವಿಲ್ಲ. ಒಂದು ಕಂಠದ ಸುತ್ತ ಕಥೆ ಕಟ್ಟುವ ಪ್ರಕಾರಕ್ಕೆ ಇಂಥ ಜನರನ್ನು ಒಳಗೊಳ್ಳುವ ದಾರಿಯೇ ತಿಳಿಯದು.

ಈ ಮಾತನ್ನು ಪರದೇಶದ ಚಿತ್ರದ ದೋಷವೆಂದು ಹೇಳಿ ಸುಮ್ಮನಾಗುವುದು ಸುಲಭ. ನಮ್ಮಲ್ಲಿಯೂ ಅಳಿದ ಊರಿದೆ, ಅದರ ನಡುವೆ ಹಾಡುವ ಕಂಠವಿದೆ, ಆ ಕಂಠಕ್ಕೆ ಒಲಿದ ಹೆಣ್ಣಿದ್ದಾಳೆ. ಆದರೆ ಅಲ್ಲಿಗೆ ಹೋಗುವ ಮುನ್ನ ಹಾಡಿನ ಸ್ಥಾನವನ್ನು ಕುರಿತು ಒಂದು ಮಾತು ಹೇಳಬೇಕು. ಹಾಡಿಗೆ ನೆಪ ಬೇಕೆಂಬ ಹಾಲಿವುಡ್ ನಿಯಮ ನಮ್ಮ ರಂಗಪರಂಪರೆಗೆ ಅಪರಿಚಿತ. ಕುಂದಾಪುರ, ಬ್ರಹ್ಮಾವರ ಕಡೆಯ ನಮಗೆ ಇದು ತತ್ತ್ವವಲ್ಲ, ಅಭ್ಯಾಸ. ಮಂದಾರ್ತಿ, ಮಾರಣಕಟ್ಟೆ ಮೇಳಗಳ ಬಯಲಾಟಕ್ಕೆ ಕೂತವರಿಗೆ ಭಾಗವತನ ಪದವೇ ಕಥೆ. ಪಾತ್ರಧಾರಿಯ ಮಾತು ಅದರ ವಿಸ್ತರಣೆ. 'ಗದಾಯುದ್ಧ'ದಲ್ಲಿ ಒಂದು ವಂಶದ ಅಳಿವೇ ಚೆಂಡೆ ಮದ್ದಳೆಗಳ ಮೇಲೆ ಹಾಡಾಗಿ ಬರುತ್ತದೆ. ಹಾಡು ನಿಂತು ದುರಂತ ಶುರುವಾಗುವುದಿಲ್ಲ, ದುರಂತವನ್ನು ಹಾಡೇ ಹೊತ್ತು ತರುತ್ತದೆ. ಕಂಪನಿ ನಾಟಕಗಳ ಮೂಲಕ ಬಂದ ನಮ್ಮ ಸಿನಿಮಾ ಕೂಡ ಈ ಸ್ವಾತಂತ್ರ್ಯವನ್ನು ಬಿಡಲಿಲ್ಲ. ಹಾಡು ಎಲ್ಲೆಂದರಲ್ಲಿ ಬರಬಹುದಾದ ಇಂಥ ಪರಂಪರೆಯಲ್ಲಿ ಹಾಡು ನಿಲ್ಲುವುದಕ್ಕೆ ಬಹಳ ದೊಡ್ಡ ಕಾರಣ ಬೇಕು. 'ಹಂಸಗೀತೆ'ಯ ಅಂತ್ಯವನ್ನು ಈ ಹಿನ್ನೆಲೆಯಲ್ಲಿ ಓದಬೇಕು.

ಚಿತ್ರದುರ್ಗದ ಪಾಳೆಯಗಾರರ ಕೊನೆಗಾಲದಲ್ಲಿ ಭೈರವಿ ವೆಂಕಟಸುಬ್ಬಯ್ಯ ಎಂಬ ಗಾಯಕನಿದ್ದನೆಂದೂ, ಭೈರವಿ ರಾಗವೊಂದರಲ್ಲೇ ನೂರು ರಚನೆಗಳನ್ನು ಮಾಡಿದನೆಂದೂ, ದುರ್ಗ ಮೈಸೂರಿನ ಕೈಸೇರಿದ ಮೇಲೆ ತನ್ನೆದುರು ಹಾಡಬೇಕೆಂದು ಟಿಪ್ಪು ಒತ್ತಾಯಿಸಿದಾಗ ನಾಲಗೆಯನ್ನೇ ಕತ್ತರಿಸಿಕೊಂಡನೆಂದೂ ಐತಿಹ್ಯ. ಇದನ್ನು ಟಿಪ್ಪುವಿನ ಚರಿತ್ರೆಗೆ ಸಾಕ್ಷ್ಯವೆಂದು ಬಳಸುವುದು ವಿಧಾನದ ದೃಷ್ಟಿಯಿಂದ ತಪ್ಪಾಗುತ್ತದೆ. ಸೋತ ಊರು ತನ್ನ ಸೋಲನ್ನು ಹೇಗೆ ನೆನಪಿಟ್ಟುಕೊಂಡಿತು ಎಂಬುದಕ್ಕೆ ಮಾತ್ರ ಇದು ಸಾಕ್ಷ್ಯ. ತ.ರಾ. ಸುಬ್ಬರಾಯರು ಐವತ್ತರ ದಶಕದ ಆರಂಭದಲ್ಲಿ ಇದನ್ನು ಕಾದಂಬರಿಯಾಗಿಸಿದರು. ಶೀರ್ಷಿಕೆಯ ಬಗ್ಗೆ ಒಂದು ಮಾತು: ನಮ್ಮ ಕವಿಸಮಯದ ಹಂಸ ಹಾಲು ನೀರನ್ನು ಬೇರ್ಪಡಿಸುವ ಹಕ್ಕಿ, ಸಾಯುವ ಮುನ್ನ ಹಾಡುವ ಹಂಸ ಪಶ್ಚಿಮದಿಂದ ಬಂದದ್ದು. ಕಾದಂಬರಿಯ ಹೆಸರಿನಲ್ಲಿ ಎರಡೂ ಹಂಸಗಳು ಕೂಡಿವೆಯೆನ್ನಬಹುದು. ಏಕೆಂದರೆ ಯಾರಿಗಾಗಿ ಹಾಡಬೇಕು, ಯಾರಿಗಾಗಿ ಹಾಡಬಾರದು ಎಂಬ ವಿವೇಕವೇ ಈ ಗಾಯಕನನ್ನು ಕೊನೆಗೆ ಮೂಕನಾಗಿಸುವುದು.

ಈ ಕಾದಂಬರಿ ಮೊದಲು ಸಿನಿಮಾ ಆದದ್ದು ಹಿಂದಿಯಲ್ಲಿ. ರಾಜಾ ನವಾಥೆ ನಿರ್ದೇಶಿಸಿ ಶಂಕರ್-ಜೈಕಿಶನ್ ಸಂಗೀತ ನೀಡಿದ 'ಬಸಂತ್ ಬಹಾರ್'ನಲ್ಲಿ ಭರತ್ ಭೂಷಣ್ ಗಾಯಕ, ನಿಮ್ಮಿ ಅವನಿಗೆ ಒಲಿದ ನರ್ತಕಿ. ಕಥೆ ಚಿತ್ರದುರ್ಗವನ್ನು ಬಿಟ್ಟು ಉತ್ತರದ ಬಾದಶಹನ ಆಸ್ಥಾನಕ್ಕೆ ಹೋಗುತ್ತದೆ. ಕೋಟೆಯ ಪತನ ಕಳಚಿಬೀಳುತ್ತದೆ. ಒಲವು ಮತ್ತು ಸಂಗೀತ ಉಳಿಯುತ್ತವೆ. 'ಸ್ಯಾನ್ ಫ್ರಾನ್ಸಿಸ್ಕೊ'ದಂತೆ ಇಲ್ಲಿಯೂ ಒಂದು ಸ್ಪರ್ಧೆಯ ಹಾಡಿದೆ. ನಾಯಕನಿಗೆ ಮನ್ನಾ ಡೇ, ಆಸ್ಥಾನದ ಗಾಯಕನಿಗೆ ಗದಗಿನ ಭೀಮಸೇನ ಜೋಶಿ ಕಂಠ ನೀಡಿದ ಆ ಜೋಡಿಗಾಯನದಲ್ಲಿ ಕಥೆಯ ಪ್ರಕಾರ ಜೋಶಿಯವರು ಸೋಲಬೇಕು. ಕೇಳುಗರಾರೂ ಅದನ್ನು ನಂಬಿದಂತಿಲ್ಲ! ಹಾಡುಗಳ ದೃಷ್ಟಿಯಿಂದ ಇದು ಶ್ರೀಮಂತ ಚಿತ್ರ. ಆದರೆ ಊರಿನ ಅಳಿವನ್ನು ತೆಗೆದುಹಾಕಿದರೆ ಗಾಯಕನ ಸಂಕಟ ಆಸ್ಥಾನದ ಮತ್ಸರದ ಕಥೆಯಾಗಿ ಕುಗ್ಗುತ್ತದೆ. ಅವನ ಹಾಡನ್ನು ಕೇಳುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಆ ಪ್ರಶ್ನೆಯನ್ನು ಚಿತ್ರದುರ್ಗಕ್ಕೆ ಮರಳಿ ತಂದವರು ಜಿ.ವಿ. ಅಯ್ಯರ್. ಗುಬ್ಬಿ ಕಂಪನಿಯ ಹಿನ್ನೆಲೆಯಿಂದ ಬಂದು, ಜನಪ್ರಿಯ ಚಿತ್ರಗಳಿಗೆ ಹಾಡು ಮಾತು ಬರೆದು, 'ವಂಶವೃಕ್ಷ'ದ ನಿರ್ಮಾಣದ ಮೂಲಕ ಹೊಸ ಅಲೆಗೆ ಹೊರಳಿದ ಅವರ ಕೈಯಲ್ಲಿ 'ಹಂಸಗೀತೆ' ಎರಡು ಪರಂಪರೆಗಳ ಸಂಧಿಯಲ್ಲಿ ನಿಂತಿತು. ಅದು ಹಾಡುಗಳಿಂದ ತುಂಬಿದ ಚಿತ್ರ. ಆದರೆ ಜನಪ್ರಿಯ ಅರ್ಥದ ಸಂಗೀತ ಚಿತ್ರವಲ್ಲ. ಅನಂತನಾಗ್ ಗಾಯಕನ ಪಾತ್ರದಲ್ಲಿದ್ದಾರೆ. ಕಂಠ ಎಂ. ಬಾಲಮುರಳಿಕೃಷ್ಣ ಅವರದು. ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆಂಬ ಮನ್ನಣೆ ಇದಕ್ಕೂ, ಅತ್ಯುತ್ತಮ ಹಿನ್ನೆಲೆ ಗಾಯಕನೆಂಬ ಮನ್ನಣೆ ಬಾಲಮುರಳಿಯವರಿಗೂ ಸಂದವು.

ಹಿನ್ನೆಲೆ ಗಾಯನದ ಈ ಏರ್ಪಾಡಿನಿಂದ ನಾಲಗೆ ಕತ್ತರಿಸುವ ಪ್ರಸಂಗಕ್ಕೆ ಒಂದು ವಿಶೇಷ ಅರ್ಥ ಬರುತ್ತದೆ. ಮ್ಯಾಕ್‌ಡೊನಾಲ್ಡ್ ತಾವೇ ಹಾಡುತ್ತಾರೆ. ಅವರ ದೇಹ ಉಳಿದರೆ ಕಂಠ ಉಳಿಯಿತು. ನಮ್ಮ ಚಿತ್ರದಲ್ಲಿ ತೆರೆಯ ಮೇಲೆ ರಕ್ತ ಸುರಿಸುವ ನಾಲಗೆ ಒಬ್ಬರದು, ಅಷ್ಟು ಹೊತ್ತು ನಾವು ಕೇಳಿದ ಕಂಠ ಇನ್ನೊಬ್ಬರದು. ಕಾಣುವ ದೇಹವನ್ನು ಅರಸ ಕಟ್ಟಿ ತರಿಸಬಹುದು, ಕೇಳುವ ಕಂಠ ಅವನ ಅಪ್ಪಣೆಗೆ ಸಿಗುವುದಿಲ್ಲ. ತಾಂತ್ರಿಕ ಅಗತ್ಯವೆಂದು ನಾವು ಗಮನಿಸದೆ ಬಿಡುವ ಒಂದು ರೂಢಿ ಈ ಕಥೆಯ ತಿರುಳನ್ನೇ ನುಡಿಯುವಂತಾಗಿದೆ. ಇದು ನಿರ್ದೇಶಕರು ಉದ್ದೇಶಿಸಿದ್ದೆಂದು ನಾನು ಹೇಳುತ್ತಿಲ್ಲ. ಆದರೆ ಪಠ್ಯ ತನ್ನ ಕರ್ತೃವಿಗಿಂತ ಹೆಚ್ಚು ತಿಳಿದಿರುವ ಸಂದರ್ಭಗಳಲ್ಲಿ ಇದೊಂದು.

ಈಗ ಎರಡು ಅಂತ್ಯಗಳನ್ನು ಹತ್ತಿರ ತರಬಹುದು. ಎರಡರಲ್ಲಿಯೂ ದುರಂತ ಮುಗಿದಿದೆ. ಎರಡರಲ್ಲಿಯೂ ಗಾಯನಕ್ಕೆ ಕರೆ ಬಂದಿದೆ. ಮೇರಿಯ ಹಾಡನ್ನು ಬಯಸುವುದು ಶಿಬಿರದ ಶೋಕ, ವೆಂಕಟಸುಬ್ಬಯ್ಯನ ಹಾಡನ್ನು ಬಯಸುವುದು ಗೆದ್ದ ಅಧಿಕಾರ. ಅಳುವವರ ಬಳಿ ಹಾಡುವುದು ಸಾಂತ್ವನ. ಅಳಿಸಿದವರ ಎದುರು ಹಾಡಿದರೆ ಅದು ಅಳಿವಿಗೆ ಹಾಕುವ ಒಪ್ಪಿಗೆಯ ಸಹಿ. ಹಾಲಿವುಡ್ ಚಿತ್ರದಲ್ಲಿ ಎರಡನೆಯ ಸಾಧ್ಯತೆಯೇ ಇಲ್ಲ. ಯಾಕೆಂದರೆ ಅಲ್ಲಿ ಅಳಿಸಿದವನು ದೇವರು, ಅವನ ಎದುರು ಹಾಡುವುದಕ್ಕೆ ಆಕ್ಷೇಪವೆಲ್ಲಿಯದು? ಡೈನಮೈಟ್ ಇಟ್ಟವರನ್ನು, ನೀರಿನ ಕೊಳವೆಗಳನ್ನು ಹಾಗೆ ಬಿಟ್ಟಿದ್ದವರನ್ನು, ಸತ್ತವರನ್ನು ಎಣಿಸದೆ ಹೋದವರನ್ನು ಕಥೆಯೊಳಗೆ ತಂದಿದ್ದರೆ ಮೇರಿ ಯಾರಿಗಾಗಿ ಹಾಡುತ್ತಿದ್ದಾಳೆಂಬ ಪ್ರಶ್ನೆ ಅಲ್ಲಿಯೂ ಏಳುತ್ತಿತ್ತು. ಈ ಕಾರಣದಿಂದ ಇವೆರಡರಲ್ಲಿ 'ಹಂಸಗೀತೆ'ಯೇ ಹೆಚ್ಚು ಪ್ರಾಮಾಣಿಕವಾದ ಕೃತಿ ಎಂಬುದು ನನ್ನ ತೀರ್ಮಾನ. ಒಲವು ಕೂಡ ಇಲ್ಲಿ ದುರಂತದಿಂದ ಲಾಭ ಪಡೆಯುವುದಿಲ್ಲ.

ಆದರೂ 'ಹಂಸಗೀತೆ'ಯ ಮೇಲೂ ಒಂದು ಬಾಕಿ ಉಳಿದಿದೆ. 1779ರಲ್ಲಿ ಹೈದರಾಲಿ ದುರ್ಗವನ್ನು ಹಿಡಿದಾಗ ಮದಕರಿ ನಾಯಕನನ್ನು ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಒಯ್ದದ್ದು ಎಲ್ಲರಿಗೂ ತಿಳಿದದ್ದು. ಅಷ್ಟು ತಿಳಿಯದಿರುವುದು, ಬಿ.ಎಲ್. ರೈಸ್ ಅವರ ಗ್ಯಾಸೆಟಿಯರ್ ಹೇಳುವ ಸಂಗತಿ: ನಾಯಕನಿಗೆ ನಿಷ್ಠರಾಗಿದ್ದ ಬೇಡ ಸಮುದಾಯವನ್ನು ಮುರಿಯಲೆಂದು 20,000 ಜನರನ್ನು ಅಲ್ಲಿಂದ ಕಿತ್ತು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಲಾಯಿತು, ವಯಸ್ಸಿಗೆ ಬಂದ ಹುಡುಗರಿಂದ ಚೇಲಾ ಪಡೆಗಳನ್ನು ಕಟ್ಟಲಾಯಿತು. ದುರ್ಗದ ನಿಜವಾದ ಅಳಿವು ಇದು. ಐತಿಹ್ಯ ನೆನಪಿಟ್ಟುಕೊಂಡದ್ದು ಒಂದು ನಾಲಗೆಯನ್ನು. ಇಪ್ಪತ್ತು ಸಾವಿರ ಜನರ ಬಾಯಿಂದ ಹೋದ ಮಾತನ್ನಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಚೀನೀಯರ ಕೇರಿಗೂ ಚಿತ್ರದುರ್ಗದ ಬೇಡರ ಹಟ್ಟಿಗಳಿಗೂ ಸಂಬಂಧವೇ ಇಲ್ಲ. ಆದರೆ ಗಾಯಕನೊಬ್ಬನ ಕಂಠದಲ್ಲಿ ಊರಿನ ಅಳಿವನ್ನೆಲ್ಲ ತುಂಬುವ ಕಲಾಪ್ರಕಾರ ಎರಡೂ ಕಡೆ ಒಂದೇ ಬಗೆಯ ಜನರನ್ನು ಹೊರಗಿಡುತ್ತದೆ. ವೆಂಕಟಸುಬ್ಬಯ್ಯನಿಗೆ ನಿರಾಕರಿಸುವ ಆಯ್ಕೆಯಾದರೂ ಇತ್ತು. ಚೇಲಾ ಪಡೆಗೆ ಸೇರಿದ ಹುಡುಗನಿಗೆ ಅದೂ ಇರಲಿಲ್ಲ.

ದುರ್ಗದ ನೆನಪು ಕನ್ನಡ ಸಿನಿಮಾದಲ್ಲಿ ಹಾಡಿನ ಮೂಲಕವೇ ಬಂದಿದೆಯೆಂಬುದು ಇಲ್ಲಿ ಗಮನಾರ್ಹ. 'ಹಂಸಗೀತೆ'ಗಿಂತ ಮೂರು ವರ್ಷ ಮುಂಚೆ, ತ.ರಾ.ಸು. ಅವರದೇ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ತೆಗೆದ 'ನಾಗರಹಾವು' ಚಿತ್ರದ ಒಬ್ಬವ್ವನ ಹಾಡು ನಾಡಿನ ಮೂಲೆಮೂಲೆಗೆ ತಲುಪಿತು. ಜಯಂತಿಯವರ ಒಬ್ಬವ್ವ ಇಂದಿಗೂ ಬಹುಪಾಲು ಕನ್ನಡಿಗರ ಕಣ್ಣಿನಲ್ಲಿರುವ ಒಬ್ಬವ್ವ. ಕೋಟೆ ಉಳಿದ ದಿನದ ಹಾಡನ್ನು ನಾಡು ಕಲಿತುಕೊಂಡಿತು, ಕೋಟೆ ಬಿದ್ದ ನಂತರದ ಮೌನ ಕೆಲವೇ ಪ್ರೇಕ್ಷಕರ ಪಾಲಿಗೆ ಉಳಿಯಿತು. ತ.ರಾ.ಸು. ಅವರಿಗೂ ಗಾಯಕನ ಕಥೆಯಿಂದ ದುರ್ಗದ ಋಣ ತೀರಿದಂತೆ ತೋರಿಲ್ಲ. ಮೂರು ದಶಕಗಳ ನಂತರ ಅವರು ಪತನವನ್ನೇ ವಸ್ತುವಾಗಿಟ್ಟುಕೊಂಡು 'ದುರ್ಗಾಸ್ತಮಾನ'ವನ್ನು ಬರೆದರು. ಆ ಬೃಹತ್ ಕಾದಂಬರಿಯ ವಿಸ್ತಾರಕ್ಕೆ ಒಂದು ಕಂಠ ಸಾಲದು.

ಇಂಥ ಚಿತ್ರಗಳಿಗೆ ತಾರೀಖುಳ್ಳ ದುರಂತ ಬೇಕು ಎಂಬುದೂ ಈ ಹೋಲಿಕೆಯಿಂದ ಸ್ಪಷ್ಟವಾಗುತ್ತದೆ. ಏಪ್ರಿಲ್ 18ರ ಬೆಳಗು, ಕೋಟೆ ಬಿದ್ದ ದಿನ, ಹೀಗೆ ಒಂದು ಗಳಿಗೆ ಇರಬೇಕು. ಅದರ ಮುಂಚೆ ಒಲವು ಬೆಳೆಯಬೇಕು, ಅದರ ನಂತರ ಹಾಡು ಮೇಲೇಳಬೇಕು ಅಥವಾ ನಿಲ್ಲಬೇಕು. ಗಳಿಗೆಯೇ ಇಲ್ಲದ ಅಳಿವನ್ನು ಈ ಪ್ರಕಾರ ಏನು ಮಾಡೀತು? ಕೋಡಿಯ ಕಡೆಯಿಂದ ನೋಡುವವರಿಗೆ ಈ ಪ್ರಶ್ನೆ ಸಹಜ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ನಡೆಯುವುದು ಕೋಟದ ಬಳಿಯ ಕೋಡಿಯಲ್ಲಿ. ಅಲ್ಲಿ ಕಡಲು ಮತ್ತು ಮಳೆ ವರ್ಷ ವರ್ಷವೂ ಬರುವ ಆಪತ್ತು. ಪಾರೋತಿ, ಸರಸೋತಿಯರು ಮಳೆಗಾಲದಲ್ಲಿ ತೇಲಿಬಂದ ಕಟ್ಟಿಗೆಯನ್ನು ಹಿಡಿದು ಮನೆಯ ಒಲೆಗೆ ಒದಗಿಸಿಕೊಳ್ಳುತ್ತಾರೆ. ನೆರೆಯೂ ಅವರ ದುಡಿಮೆಯ ಲೆಕ್ಕದೊಳಗೇ ಬರುತ್ತದೆ. ಸಂಗೀತವೂ ಆ ಕಾದಂಬರಿಯಲ್ಲಿದೆ; ಆದರೆ ಮೂರನೆಯ ತಲೆಮಾರಿನ ರಾಮನ ಪಿಟೀಲಿಗೆ ಯಾವ ಒಂದು ಪ್ರಳಯವನ್ನೂ ಗೆಲ್ಲುವ ಹೊಣೆಯಿಲ್ಲ. 1930ರ ಆಸುಪಾಸಿನಲ್ಲಿ ತಾವೇ ಮೂಕಿಚಿತ್ರಗಳನ್ನು ತೆಗೆದು ನೋಡಿದ್ದ, ಗೀತನಾಟಕಗಳನ್ನು ಬರೆದು ಆಡಿಸಿದ್ದ ಕಾರಂತರಿಗೆ ಹಾಡು ಮತ್ತು ದೃಶ್ಯಗಳ ಬಲ ತಿಳಿಯದ್ದಲ್ಲ. ಆದರೂ ಕಡಲಂಚಿನ ಬದುಕಿಗೆ ಅವರು ಆರಿಸಿಕೊಂಡದ್ದು ಮೂರು ತಲೆಮಾರುಗಳ ನಿಧಾನವಾದ ಗದ್ಯವನ್ನು. ಕುಂದಾಪುರದ ಕೋಡಿಯ ದಂಡೆಯಲ್ಲಿ ಕಡಲ್ಕೊರೆತಕ್ಕೆ ಒಡ್ಡಿದ ಕಲ್ಲಿನ ತಡೆಗೋಡೆಯನ್ನು ಕಂಡವರಿಗೆ ಆ ಆಯ್ಕೆಯ ಕಾರಣ ವಿವರಿಸಬೇಕಾಗಿಲ್ಲ.

ಹಾಲಿವುಡ್ ಚಿತ್ರದ ಬಗ್ಗೆ ಇನ್ನೊಂದು ಸಂಗತಿಯನ್ನು ಹೇಳದೆ ಬಿಟ್ಟರೆ ಅದಕ್ಕೆ ಅನ್ಯಾಯವಾದೀತು. ಅದರ ಶೀರ್ಷಿಕೆ ಗೀತೆ ಕಥೆಯ ಪ್ರಕಾರ 1906ರದು. ವಾಸ್ತವದಲ್ಲಿ ದುರಂತಕ್ಕಿಂತ ಮೂವತ್ತು ವರ್ಷ ಕಿರಿಯದು. ಬ್ಲ್ಯಾಕಿಯ ಪಾನಗೃಹಕ್ಕಾಗಿ ಹುಟ್ಟಿದ ಆ ಹಾಡನ್ನು ನಗರ 1984ರಲ್ಲಿ ತನ್ನ ಅಧಿಕೃತ ಗೀತೆಯಾಗಿ ಅಂಗೀಕರಿಸಿತು. ಪ್ರತಿವರ್ಷ ಏಪ್ರಿಲ್ 18ರ ನಸುಕಿನಲ್ಲಿ, 1906ರಲ್ಲಿ ಬದುಕುಳಿದವರು ತಮ್ಮವರನ್ನು ಹುಡುಕಿಕೊಂಡು ಸೇರುತ್ತಿದ್ದ ಲೊಟ್ಟಾ ಕಾರಂಜಿಯ ಬಳಿ ಜನ ಕೂಡುತ್ತಾರೆ. ಬಹುಕಾಲ ಅಲ್ಲಿಗೆ ಬರುತ್ತಿದ್ದ ಬದುಕುಳಿದವರಲ್ಲಿ ಈಗ ಯಾರೂ ಇಲ್ಲ. 5 ಗಂಟೆ 12 ನಿಮಿಷಕ್ಕೆ ಸತ್ತವರಿಗಾಗಿ ಮೌನ ಆಚರಿಸುತ್ತಾರೆ, ಆಮೇಲೆ ಚಿತ್ರದ ಆ ಹಾಡನ್ನು ಹಾಡುತ್ತಾರೆ.